ನಿಮ್ಮ ಪೋಸ್ಟ್ ತೆಗೆಸಿದವರು ಯಾರು?

2011ರಲ್ಲಿ ಒಬ್ಬರು ಒಂದು ವೆಬ್‌ಸೈಟ್ ಮಾಡಿದರು. ಹೆಸರು ಡೌರಿ ಕ್ಯಾಲ್ಕುಲೇಟರ್. ಗಂಡಿನ ವಯಸ್ಸು, ಓದು, ಸಂಬಳ ಎಲ್ಲ ತುಂಬಿದರೆ ಅವನ 'ರೇಟು' ಎಷ್ಟು ಅಂತ ಲೆಕ್ಕ ಹಾಕಿ ತೋರಿಸುತ್ತಿತ್ತು. ವರದಕ್ಷಿಣೆ ಕೇಳುವವರನ್ನು ಗೇಲಿ ಮಾಡುವ ಸೈಟ್ ಅದು. ಎರಡು ನಿಮಿಷ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. 2018ರಲ್ಲಿ ಅದು ಭಾರತದಲ್ಲಿ ತೆರೆಯುವುದೇ ನಿಂತಿತು. ಮಾಡಿದವರಿಗೆ ಒಂದು ನೋಟಿಸ್ ಇಲ್ಲ, ಒಂದು ಇಮೇಲ್ ಇಲ್ಲ. ಕೇಂದ್ರ ಸರ್ಕಾರ ಬ್ಲಾಕ್ ಮಾಡಿಸಿದೆ ಅಂತ ತಿಳಿದ ಮೇಲೆ ಆದೇಶದ ಪ್ರತಿ ಕೇಳಿದರು. ಅದು ಗೋಪ್ಯ ಅನ್ನುವ ಉತ್ತರ ಬಂತು. ಕೊನೆಗೆ ದೆಹಲಿ ಹೈಕೋರ್ಟಿಗೆ ಹೋದರು. ಆದೇಶದ ಪ್ರತಿ ಕೊಡಿ, ಅವರ ಮಾತನ್ನೂ ಕೇಳಿ ಅಂತ ಕೋರ್ಟು ಹೇಳಿದ್ದು 2022ರ ಮೇ ತಿಂಗಳಲ್ಲಿ. ಯಾಕೆ ತೆಗೆದಿರಿ ಅಂತ ಕೇಳುವುದಕ್ಕೇ ಹತ್ತಿರ ಹತ್ತಿರ ನಾಲ್ಕು ವರ್ಷ ಹಿಡಿಯಿತು.

ಇಂಟರ್‌ನೆಟ್ ಮೇಲಿನ ಸೆನ್ಸಾರ್ ಬಗ್ಗೆ ನಾವು ಮಾತಾಡುವಾಗ ಸಾಮಾನ್ಯವಾಗಿ 'ಏನನ್ನು ತೆಗೆಯಬಹುದು, ಏನನ್ನು ತೆಗೆಯಬಾರದು' ಅಂತ ಜಗಳ ಆಡುತ್ತೇವೆ. ಆ ಜಗಳ ಬೇಕಾದದ್ದೇ. ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆ ಒಂದಿದೆ. ತೆಗೆದಾಗ ಬರೆದವರಿಗೆ ಹೇಳಬೇಕೋ ಬೇಡವೋ? ನನ್ನ ಮಟ್ಟಿಗೆ ಇವತ್ತಿನ ದೊಡ್ಡ ಸಮಸ್ಯೆ ಇರುವುದು ಇಲ್ಲಿ.

ಊರಿಗೆ ಊರೇ ಇಂಟರ್‌ನೆಟ್ ಬಂದ್ ಆದರೆ ಎಲ್ಲರಿಗೂ ಗೊತ್ತಾಗುತ್ತದೆ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಗೋಲಿಬಾರ್ ಆದಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 48 ಗಂಟೆ ಮೊಬೈಲ್ ಇಂಟರ್‌ನೆಟ್ ನಿಂತಿತ್ತು. ಅಂಗಡಿಯವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರೂ ಅದರ ಬಗ್ಗೆ ಮಾತಾಡಿದರು. ಸರಿಯೋ ತಪ್ಪೋ, ಚರ್ಚೆಯಾದರೂ ಆಯಿತು. ಒಂದು ಲಿಂಕ್ ಸುಮ್ನೆ ಮಾಯವಾದರೆ ಯಾರು ಮಾತಾಡುತ್ತಾರೆ? ಓದುಗರಿಗೆ ಅದು ಅಲ್ಲಿತ್ತು ಅನ್ನುವುದೇ ಗೊತ್ತಿರುವುದಿಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಕಾನೂನಿನ ಭಾಷೆ ಒಣಗಿದ್ದಾದರೂ ವಿಷಯ ಕಷ್ಟದ್ದಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 69ಎ ಅಂತ ಒಂದು ಸೆಕ್ಷನ್ ಇದೆ. ದೇಶದ ಸಾರ್ವಭೌಮತ್ವ, ರಕ್ಷಣೆ, ಭದ್ರತೆ, ವಿದೇಶಗಳ ಜೊತೆಗಿನ ಸಂಬಂಧ, ಸಾರ್ವಜನಿಕ ಶಾಂತಿ, ಇವುಗಳಿಗೆ ಧಕ್ಕೆ ಬರುತ್ತದೆ ಅನ್ನಿಸಿದರೆ, ಇಂಥ ವಿಷಯದಲ್ಲಿ ಅಪರಾಧಕ್ಕೆ ಕುಮ್ಮಕ್ಕು ಕೊಡುತ್ತದೆ ಅನ್ನಿಸಿದರೆ, ಕೇಂದ್ರ ಸರ್ಕಾರ ಯಾವುದೇ ಪೋಸ್ಟ್, ಖಾತೆ ಅಥವಾ ಸೈಟನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ 2009ರ ನಿಯಮಗಳಿವೆ. ಒಂದು ಸಮಿತಿ ಕೂರಬೇಕು. ಕಾರಣವನ್ನು ಬರೆದಿಡಬೇಕು. ಬರೆದವರನ್ನು ಅಥವಾ ಪ್ಲಾಟ್‌ಫಾರ್ಮನ್ನು ಕರೆದು ಕೇಳಬೇಕು. ತುರ್ತು ಇದ್ದರೆ ಮೊದಲು ಬ್ಲಾಕ್ ಮಾಡಿ 48 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣಕ್ಕೆ ಕಾರಣವಾದ ಘಟನೆ ನಿಮಗೆ ನೆನಪಿರಬಹುದು. 2012ರ ನವೆಂಬರ್‌ನಲ್ಲಿ ಬಾಳಾ ಠಾಕ್ರೆ ತೀರಿಹೋದಾಗ ಮುಂಬೈ ಬಂದ್ ಆಗಿತ್ತು. ಅದನ್ನು ಪ್ರಶ್ನಿಸಿ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಅವರನ್ನು ಬಂಧಿಸಲು ಬಳಸಿದ 66ಎ ಸೆಕ್ಷನ್ನನ್ನು ಕೋರ್ಟು ಪೂರ್ತಿ ರದ್ದು ಮಾಡಿತು. ಆದರೆ 69ಎ ಉಳಿಯಿತು. ಯಾಕೆ ಅಂದರೆ, ಅದರಲ್ಲಿ ಕಾರಣ ಬರೆಯಬೇಕು, ಕರೆದು ಕೇಳಬೇಕು ಅನ್ನುವ ಕಟ್ಟುಪಾಡುಗಳಿವೆ ಅಂತ ಕೋರ್ಟು ನಂಬಿತು. ಕಾರಣ ಬರವಣಿಗೆಯಲ್ಲಿ ಇದ್ದರೆ ಹೈಕೋರ್ಟಿಗೆ ಹೋಗಿ ಪ್ರಶ್ನೆ ಮಾಡಬಹುದಲ್ಲ ಅನ್ನುವುದು ವಾದ.

ವಾದ ಚೆನ್ನಾಗಿದೆ. ಆದರೆ ಅದೇ ನಿಯಮಗಳಲ್ಲಿ 16ನೇ ನಿಯಮ ಅಂತ ಒಂದಿದೆ. ದೂರು, ಆದೇಶ, ಕ್ರಮ ಎಲ್ಲವೂ ಕಟ್ಟುನಿಟ್ಟಾಗಿ ಗೋಪ್ಯ ಅನ್ನುತ್ತದೆ ಅದು. ಇನ್ನು ಕರೆದು ಕೇಳುವ ನಿಯಮದಲ್ಲಿ 'ಬರೆದ ವ್ಯಕ್ತಿ ಅಥವಾ ಮಧ್ಯವರ್ತಿ ಸಂಸ್ಥೆ' ಅಂತ ಇದೆ. ಆ 'ಅಥವಾ' ಅನ್ನುವ ಒಂದು ಪದದ ಮೇಲೆ ಎಷ್ಟೋ ಜನರ ಹಕ್ಕು ನಿಂತಿದೆ. ಪ್ಲಾಟ್‌ಫಾರ್ಮಿಗೆ ಹೇಳಿದರೆ ಸಾಕು, ಬರೆದವರಿಗೆ ಹೇಳಬೇಕಿಲ್ಲ ಅಂತ ಅದನ್ನು ಓದಿಕೊಳ್ಳಲಾಗಿದೆ. ಕಾರಣ ಫೈಲಿನಲ್ಲಿ ಇರುತ್ತದೆ. ಫೈಲು ದೆಹಲಿಯಲ್ಲಿ ಇರುತ್ತದೆ. ಬರೆದವರು ಏನನ್ನು ಹಿಡಿದುಕೊಂಡು ಹೈಕೋರ್ಟಿಗೆ ಹೋಗಬೇಕು ಹೇಳಿ?

ಎಷ್ಟು ಬ್ಲಾಕ್ ಆಗುತ್ತಿದೆ ಅಂತ ಸರ್ಕಾರವೇ ಸಂಸತ್ತಿನಲ್ಲಿ ಲೆಕ್ಕ ಕೊಟ್ಟಿದೆ. 2014ರಲ್ಲಿ 471. 2020ರಲ್ಲಿ 9,849. 2022ರಲ್ಲಿ 6,775. ಇದರಲ್ಲಿ ನಿಜಕ್ಕೂ ಅಪಾಯಕಾರಿ ಆದದ್ದು ಎಷ್ಟೋ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಂಖ್ಯೆ ಕೊಟ್ಟವರು ಪಟ್ಟಿ ಕೊಡಲಿಲ್ಲ ಅನ್ನುವುದು ನನ್ನ ತಕರಾರು.

ಈ ವಿಷಯದ ದೊಡ್ಡ ಜಗಳಗಳು ನಡೆದಿರುವುದು ನಮ್ಮ ಬೆಂಗಳೂರಿನಲ್ಲೇ, ವಿಧಾನಸೌಧದ ಎದುರಿನ ಆ ಕೆಂಪು ಕಟ್ಟಡದಲ್ಲಿ. ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂತು. ಇಡೀ ಖಾತೆಗಳನ್ನೇ ಬ್ಲಾಕ್ ಮಾಡಿ ಅನ್ನುತ್ತಿದ್ದಾರೆ, ಖಾತೆದಾರರಿಗೆ ನೋಟಿಸ್ ಕೊಡುತ್ತಿಲ್ಲ ಅನ್ನುವುದು ಅದರ ದೂರು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿಯನ್ನು ವಜಾ ಮಾಡಿದರು. ಆದೇಶ ಪಾಲಿಸುವುದಕ್ಕೆ ತಡ ಮಾಡಿದ್ದಕ್ಕೆ 50 ಲಕ್ಷ ರೂಪಾಯಿ ದಂಡವನ್ನೂ ಹಾಕಿದರು. ನೀವು ಕಾನೂನು ತಿಳಿಯದ ರೈತರೋ ಜನಸಾಮಾನ್ಯರೋ ಅಲ್ಲ, ಕೋಟ್ಯಂತರ ಡಾಲರ್‌ನ ಕಂಪನಿ ಅನ್ನುವ ಅರ್ಥದ ಮಾತು ತೀರ್ಪಿನಲ್ಲಿತ್ತು. ಕಂಪನಿಯ ಮೇಲೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಖಾತೆಗಳ ಹಿಂದೆ ಇದ್ದವರಲ್ಲಿ ರೈತರೂ ಇರಬಹುದಿತ್ತು, ಅಲ್ವಾ? 2021ರ ಫೆಬ್ರುವರಿಯಲ್ಲಿ ಬ್ಲಾಕ್ ಆದ ಖಾತೆಗಳಲ್ಲಿ ರೈತ ಚಳವಳಿಯ ಖಾತೆಗಳೂ ಇದ್ದವು.

69ಎ ಮುಂಬಾಗಿಲು ಅಂದುಕೊಂಡರೆ, ಆಮೇಲೆ ತೆರೆದದ್ದು ಹಿಂಬಾಗಿಲು. ಅದರ ಹೆಸರು 79(3)(ಬಿ).

ಫೇಸ್‌ಬುಕ್‌ನಲ್ಲಿ ಯಾರೋ ಏನೋ ಬರೆದರೆ ಅದಕ್ಕೆ ಫೇಸ್‌ಬುಕ್ ಹೊಣೆ ಅಲ್ಲ ಅನ್ನುವುದು 79ನೇ ಸೆಕ್ಷನ್. ಪೋಸ್ಟ್‌ಮ್ಯಾನ್ ಮೇಲೆ ಕಾಗದದ ಒಳಗಿನ ಮಾತಿಗೆ ಕೇಸು ಹಾಕುವುದಿಲ್ಲವಲ್ಲ, ಹಾಗೆ. ಆದರೆ ಆ ರಕ್ಷಣೆಗೆ ಒಂದು ಷರತ್ತಿದೆ. ಕಾನೂನುಬಾಹಿರವಾದದ್ದು ಇದೆ ಅಂತ ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ರಕ್ಷಣೆ ಹೋಗುತ್ತದೆ. ಅದನ್ನು ಹೇಳುವುದು 79(3)(ಬಿ). ಮೂಲದಲ್ಲಿ ಅದು ಬ್ಲಾಕ್ ಮಾಡುವ ಅಧಿಕಾರ ಅಲ್ಲ, ರಕ್ಷಣೆ ಯಾವಾಗ ತಪ್ಪುತ್ತದೆ ಅನ್ನುವ ವಿವರಣೆ.

2023ರ ಅಕ್ಟೋಬರ್‌ನಲ್ಲಿ ಕೇಂದ್ರದ ಐಟಿ ಸಚಿವಾಲಯ ಒಂದು ಪತ್ರ ಬರೆದು, ಬೇರೆ ಸಚಿವಾಲಯಗಳು, ರಾಜ್ಯ ಸರ್ಕಾರಗಳು, ಪೊಲೀಸರು ಎಲ್ಲರೂ ಈ ಸೆಕ್ಷನ್ ಕೆಳಗೆ ನೇರವಾಗಿ ನೋಟಿಸ್ ಕೊಡಬಹುದು ಅಂದಿತು. 2024ರ ಅಕ್ಟೋಬರ್‌ನಲ್ಲಿ ಗೃಹ ಸಚಿವಾಲಯ 'ಸಹಯೋಗ್' ಅನ್ನುವ ಪೋರ್ಟಲ್ ತೆರೆಯಿತು. ಅಧಿಕಾರಿಗಳು ಅದರಲ್ಲಿ ಲಿಂಕ್ ಹಾಕಿದರೆ ನೇರ ಕಂಪನಿಗೆ ಹೋಗುತ್ತದೆ. 69ಎ ಕೆಳಗಿನ ಸಮಿತಿ ಇಲ್ಲಿಲ್ಲ. ಬರೆದವರನ್ನು ಕರೆದು ಕೇಳುವುದಿಲ್ಲ. ಬೆರಳೆಣಿಕೆಯ ಕಾರಣಗಳಿಗೆ ಮಾತ್ರ ಅನ್ನುವ ಮಿತಿಯೂ ಸಡಿಲ. 'ಕಾನೂನುಬಾಹಿರ' ಅಂತ ಒಬ್ಬ ಅಧಿಕಾರಿಗೆ ಅನ್ನಿಸಿದರೆ ಸಾಕು.

ಒಂದು ಉದಾಹರಣೆ ಸಾಕು. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ರೈಲು ನಿಲ್ದಾಣದಲ್ಲಿ ಕಾಲ್ತುಳಿತ ಆಯಿತು. ಕುಂಭಮೇಳಕ್ಕೆ ಹೊರಟಿದ್ದ ಜನ. 18 ಮಂದಿ ಸತ್ತರು. ಎರಡೇ ದಿನದಲ್ಲಿ ರೈಲ್ವೆ ಸಚಿವಾಲಯ ಎಕ್ಸ್ (ಮೊದಲಿನ ಟ್ವಿಟರ್) ಕಂಪನಿಗೆ ನೋಟಿಸ್ ಕಳಿಸಿ, ಆ ದುರಂತದ ವಿಡಿಯೊಗಳಿರುವ 285 ಲಿಂಕ್‌ಗಳನ್ನು 36 ಗಂಟೆಯೊಳಗೆ ತೆಗೆಯಿರಿ ಅಂದಿತು. ಸತ್ತವರ ದೇಹಗಳನ್ನು ಹಾಗೆ ತೋರಿಸಬಾರದು ಅನ್ನುವುದು ನ್ಯಾಯವಾದ ಮಾತೇ. ಆದರೆ ನಿಲ್ದಾಣದ ವ್ಯವಸ್ಥೆ ಎಲ್ಲಿ ಕೆಟ್ಟಿತು ಅಂತ ಪ್ರಶ್ನೆ ಎದ್ದಿರುವಾಗ, ಆ ವ್ಯವಸ್ಥೆಯ ಹೊಣೆ ಹೊತ್ತ ಇಲಾಖೆಯೇ ಯಾವ ವಿಡಿಯೊ ಉಳಿಯಬೇಕು ಅಂತ ತೀರ್ಮಾನಿಸುವುದು ಹೇಗೆ ಸರಿ? ತಪ್ಪು ಯಾರದ್ದು ಅಂತ ತನಿಖೆ ಆಗಬೇಕಾದವರ ಕೈಗೇ ಸಾಕ್ಷಿ ಅಳಿಸುವ ರಬ್ಬರ್ ಕೊಟ್ಟ ಹಾಗಾಯಿತು.

2025ರ ಮಾರ್ಚ್‌ನಲ್ಲಿ ಎಕ್ಸ್ ಮತ್ತೆ ಕರ್ನಾಟಕ ಹೈಕೋರ್ಟಿಗೆ ಬಂತು. ಬೇಸಿಗೆ, ಮಳೆಗಾಲ ಪೂರ್ತಿ ವಾದ ನಡೆಯಿತು. ಎಕ್ಸ್ ಪರ ಹಿರಿಯ ವಕೀಲ ಕೆ.ಜಿ. ರಾಘವನ್, ಕೇಂದ್ರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ. ಹೈದರಾಬಾದ್ ಬಳಿ ಒಬ್ಬ ಮಹಿಳೆ ರೈಲು ಹಳಿಯ ಮೇಲೆ ಕಾರು ಓಡಿಸಿದ ವಿಡಿಯೊ ತೆಗೆಯಲು ಬಂದ ನೋಟಿಸನ್ನು ರಾಘವನ್ ತೋರಿಸಿದರು. ಅದು ಸುದ್ದಿ, ಅದರಲ್ಲಿ ಕಾನೂನುಬಾಹಿರ ಏನಿದೆ ಅನ್ನುವುದು ಅವರ ಪ್ರಶ್ನೆ. ಮೆಹ್ತಾ ಇನ್ನೊಂದು ದಿನ ಬೇರೆಯೇ ಒಂದನ್ನು ತೋರಿಸಿದರು. 'ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ' ಅನ್ನುವ ಹೆಸರಿನಲ್ಲಿ ಎಕ್ಸ್‌ನಲ್ಲಿ ತಮ್ಮ ಕಡೆಯವರೇ ಒಂದು ಖಾತೆ ತೆರೆದಿದ್ದಾರೆ, ಅದಕ್ಕೆ ಕಂಪನಿ ದೃಢೀಕರಣವನ್ನೂ ಕೊಟ್ಟಿದೆ ಅಂದರು. ಇಲ್ಲದ ಕೋರ್ಟಿನ ಹೆಸರಿನಲ್ಲಿ ಜನರಿಗೆ ಮೋಸ ಮಾಡುವುದು ಎಷ್ಟು ಸುಲಭ ನೋಡಿ ಅಂತ. ಎರಡೂ ಉದಾಹರಣೆಗಳು ನಿಜ. ಎರಡೂ ಚಿಂತೆಗಳೂ ನಿಜ.

ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿಯನ್ನು ವಜಾ ಮಾಡಿದರು. ಸಾಮಾಜಿಕ ಜಾಲತಾಣಗಳಿಗೆ ಲಗಾಮು ಬೇಕು, ಅಮೆರಿಕದ ವಾಕ್ ಸ್ವಾತಂತ್ರ್ಯದ ಸಿದ್ಧಾಂತವನ್ನು ಇಲ್ಲಿಗೆ ತಂದು ನೆಡುವುದಕ್ಕಾಗುವುದಿಲ್ಲ ಅಂದರು. ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯ ಇರುವುದು ಭಾರತದ ಪ್ರಜೆಗಳಿಗೆ. ವಿದೇಶಿ ಕಂಪನಿ ಬಂದು ಅದನ್ನು ಕೇಳುವಂತಿಲ್ಲ ಅನ್ನುವುದು ತೀರ್ಪಿನ ಒಂದು ಮುಖ್ಯ ಆಧಾರ. ಎಕ್ಸ್ ಮೇಲ್ಮನವಿ ಹಾಕಿತು.

ನಾನು ಈ ತೀರ್ಪನ್ನು ಓದುವಾಗ ಮತ್ತೆ ಮತ್ತೆ ನಿಂತದ್ದು ಆ ಒಂದು ಜಾಗದಲ್ಲಿ. 19ನೇ ವಿಧಿ ಪ್ರಜೆಯದ್ದು. ಸರಿ. ಕಂಪನಿ ಅದನ್ನು ಕೇಳಬಾರದು. ಅದೂ ಸರಿ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಕೇಳಬೇಕಾದವರು ಪ್ರಜೆ. ಆ ಪ್ರಜೆಗೆ ನೋಟಿಸ್ ಕೊಡುವುದಿಲ್ಲ. ಹಕ್ಕು ಇರುವವರಿಗೆ ವಿಷಯ ಗೊತ್ತಿಲ್ಲ, ವಿಷಯ ಗೊತ್ತಿರುವವರಿಗೆ ಹಕ್ಕಿಲ್ಲ. ಹೀಗಾದರೆ ಆ ಕೋರ್ಟಿನ ಬಾಗಿಲು ಬಡಿಯುವವರು ಯಾರು?

ಇದು ಬರೀ ದೊಡ್ಡ ಕಂಪನಿಗಳ ಗಲಾಟೆ ಅನ್ನಿಸಬಹುದು. ಹಾಗಲ್ಲ. ಹಾವೇರಿ ಕಡೆಯ ಒಬ್ಬ ಹುಡುಗ ಅಂದುಕೊಳ್ಳಿ. ಅವನ ಊರಿಗೆ ಹೊಸ ರಸ್ತೆ ಬಂತು. ಮೊದಲ ಮಳೆಗೇ ಡಾಂಬರು ಎದ್ದಿತು. ಅವನು ರಸ್ತೆಗೆ ಹೋಗಿ, ಕೈಯಲ್ಲಿ ಡಾಂಬರನ್ನು ರೊಟ್ಟಿ ಎತ್ತಿದ ಹಾಗೆ ಎತ್ತಿ ತೋರಿಸಿ, ಗುತ್ತಿಗೆದಾರರ ಹೆಸರು ಹೇಳಿ ರೀಲ್ ಹಾಕಿದ. ಇಂಥ ವಿಡಿಯೊಗಳನ್ನು ನಾವೆಲ್ಲ ನೋಡಿದ್ದೇವೆ. ಎರಡು ದಿನದಲ್ಲಿ ಲಕ್ಷ ಜನ ನೋಡಿದರು. ಮೂರನೇ ದಿನ ಯಾರೋ ದೂರು ಕೊಟ್ಟರು, ಎಲ್ಲೋ ಒಬ್ಬ ಅಧಿಕಾರಿ ಪೋರ್ಟಲ್‌ನಲ್ಲಿ ಲಿಂಕ್ ಹಾಕಿದರು. ಕಂಪನಿಯಲ್ಲಿ ಅದನ್ನು ನೋಡುವವರ ಮುಂದೆ ಎರಡು ದಾರಿ. ತೆಗೆದರೆ ಒಂದು ರೀಲ್ ಹೋಗುತ್ತದೆ, ಅಷ್ಟೇ. ಉಳಿಸಿಕೊಂಡರೆ ಕಾನೂನಿನ ರಕ್ಷಣೆ ಹೋಗುವ ಭಯ. ಕನ್ನಡ ಬಾರದ ಆ ನೌಕರರು ಹಾವೇರಿಯ ರಸ್ತೆಗಾಗಿ ಕಂಪನಿಯನ್ನು ಅಪಾಯಕ್ಕೆ ತಳ್ಳುತ್ತಾರಾ? ತೆಗೆದುಬಿಡುತ್ತಾರೆ. ಹುಡುಗನಿಗೆ ಕಾಣುವುದು ಒಂದೇ ಸಾಲು: ಕಾನೂನಿನ ಕೋರಿಕೆಯ ಮೇರೆಗೆ ಭಾರತದಲ್ಲಿ ಲಭ್ಯವಿಲ್ಲ. ಯಾವ ಕಾನೂನು, ಯಾರ ಕೋರಿಕೆ, ಯಾವ ಮಾತು ತಪ್ಪು? ಉತ್ತರ ಇಲ್ಲ.

ಉತ್ತರ ಇಲ್ಲದೆ ಇರುವುದರಿಂದ ಆಗುವ ಇನ್ನೊಂದು ನಷ್ಟ ಕಾಣುವುದೇ ಇಲ್ಲ. ಯಾವ ಗೆರೆ ದಾಟಿದೆ ಅಂತ ಗೊತ್ತಾದರೆ ಮುಂದಿನ ಸಲ ಗೆರೆಯ ಈಚೆ ನಿಂತು ಮಾತಾಡಬಹುದು. ಗೆರೆಯೇ ಕಾಣದಿದ್ದರೆ ಮನುಷ್ಯ ಮಾತಾಡುವುದನ್ನೇ ಬಿಡುತ್ತಾನೆ. ಅವನ ಅಮ್ಮ 'ನಿಂಗ್ಯಾಕ ಬೇಕಪ್ಪಾ ಊರ ಉಸಾಬರಿ' ಅಂತಾರೆ. ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್‌ನ ಆ ತೀರ್ಪಿನ ನಂತರ ಒಂದಿಷ್ಟು ಸುಧಾರಣೆ ಆಗಿದೆ, ಅದನ್ನೂ ಹೇಳಬೇಕು. 2025ರ ನವೆಂಬರ್ 15ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ, ಸರ್ಕಾರದಲ್ಲಿ ಜಂಟಿ ಕಾರ್ಯದರ್ಶಿ ಅಥವಾ ಅದಕ್ಕಿಂತ ಮೇಲಿನವರು, ಪೊಲೀಸರಲ್ಲಿ ಡಿಐಜಿ ದರ್ಜೆಗಿಂತ ಕೆಳಗಿಲ್ಲದವರು ಮಾತ್ರ ಇಂಥ ನೋಟಿಸ್ ಕೊಡಬೇಕು. ಯಾವ ಕಾನೂನಿನ ಯಾವ ಸೆಕ್ಷನ್ ಅಂತ ಬರೆಯಬೇಕು. ತಿಂಗಳಿಗೊಮ್ಮೆ ಕಾರ್ಯದರ್ಶಿ ಮಟ್ಟದಲ್ಲಿ ಪರಿಶೀಲನೆ ಆಗಬೇಕು. ಒಳ್ಳೆಯದೇ. ಆದರೆ ಬರೆದವರಿಗೆ ತಿಳಿಸಬೇಕು ಅನ್ನುವ ಮಾತು ಅಲ್ಲೂ ಬರಲಿಲ್ಲ. ಅದಾದ ಮೇಲೆ 2026ರ ಫೆಬ್ರುವರಿಯ ತಿದ್ದುಪಡಿಯಲ್ಲಿ ತೆಗೆಯುವ ಗಡುವನ್ನು 36 ಗಂಟೆಯಿಂದ 3 ಗಂಟೆಗೆ ಇಳಿಸಿದರು. ಮೂರು ಗಂಟೆಯಲ್ಲಿ ಯಾರು ಯೋಚನೆ ಮಾಡುತ್ತಾರೆ? ಮೊದಲು ತೆಗಿ ಅನ್ನುವುದೇ ನಿಯಮ ಆಗುತ್ತದೆ.

ಹಾಗಂತ ಏನು ಬೇಕಾದರೂ ಉಳಿಯಲಿ ಅಂತ ಹೇಳುವ ಧೈರ್ಯ ನನಗಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ನಡೆದದ್ದನ್ನು ಮರೆಯಲು ಆಗುತ್ತದಾ? ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್ಯಾಪ್‌ನಲ್ಲಿ ಸುದ್ದಿ ಹರಡಿತು. ಅವರ ಕಾರು ಮುಂದಿನ ಊರು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಜನ ಸೇರಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜೀವ ಹೋಯಿತು. ಮಾತಿನಿಂದ ಹೆಣ ಬೀಳುತ್ತದೆ. ಹೆಣ್ಣುಮಕ್ಕಳ ಫೋಟೊ ತಿರುಚಿ ಹಾಕುವುದಂತೂ ದಿನನಿತ್ಯದ ಹಿಂಸೆ. ಇಂಥದ್ದನ್ನು ಮೂರು ಗಂಟೆ ಯಾಕೆ, ಮೂರು ನಿಮಿಷದಲ್ಲಿ ತೆಗೆದರೂ ನನ್ನ ತಕರಾರಿಲ್ಲ.

ಆದರೆ ವದಂತಿಗೆ ಬ್ಲಾಕ್ ಮಾಡುವುದೇ ಮದ್ದು ಅಂದುಕೊಂಡಾಗ ಏನಾಯಿತು ಅನ್ನುವುದಕ್ಕೂ ಬೆಂಗಳೂರೇ ಸಾಕ್ಷಿ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ಆಗುತ್ತದೆ ಅನ್ನುವ ಎಸ್ಸೆಮ್ಮೆಸ್ ಹರಡಿ, ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ನಿಲ್ದಾಣದಲ್ಲಿ ಚೀಲ ಹಿಡಿದು ನಿಂತ ಆ ಮಕ್ಕಳ ಮುಖ ನೋಡಿದ ಯಾರಿಗಾದರೂ ಕರುಳು ಚುರುಕ್ ಅಂದಿತ್ತು. ಸರ್ಕಾರ ಒಬ್ಬರು ದಿನಕ್ಕೆ 5 ಎಸ್ಸೆಮ್ಮೆಸ್ ಮಾತ್ರ ಕಳಿಸಬಹುದು ಅಂದಿತು. ಮುನ್ನೂರಕ್ಕೂ ಹೆಚ್ಚು ಲಿಂಕ್, ಖಾತೆಗಳನ್ನು ಬ್ಲಾಕ್ ಮಾಡಿಸಿತು. ಆಮೇಲೆ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು ಸೋರಿಕೆಯಾದ ಆ ಪಟ್ಟಿಯನ್ನು ಕೂತು ನೋಡಿದರು. ವದಂತಿ ಸುಳ್ಳು ಅಂತ ಬಿಡಿಸಿ ಹೇಳುತ್ತಿದ್ದ ಬರಹಗಳೂ ಅದರಲ್ಲಿದ್ದವು! ಬೆಂಕಿಗೆ ನೀರು ಹಾಕುತ್ತಿದ್ದವರನ್ನೂ ಹೊರಗೆ ದೂಡಿದ್ದರು. ಪಟ್ಟಿ ಹೊರಗೆ ಬರದೇ ಹೋಗಿದ್ದರೆ ಈ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮುರ್ಕಿಯ ನಂತರ ಒಂದು ಸಣ್ಣ ಕೆಲಸ ನಡೆಯಿತು. ಅದೇ ಜುಲೈನಲ್ಲಿ ವಾಟ್ಸ್ಯಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ 5 ಚಾಟ್‌ಗಳಿಗಿಂತ ಜಾಸ್ತಿ ಫಾರ್ವರ್ಡ್ ಮಾಡದ ಹಾಗೆ ಮಾಡಿತು. 2020ರಲ್ಲಿ ತುಂಬಾ ಸಲ ಫಾರ್ವರ್ಡ್ ಆದ ಮೆಸೇಜಿಗೆ ಒಂದೇ ಚಾಟ್ ಅಂದಿತು. ಅದರಿಂದ ಅಂಥ ಮೆಸೇಜ್‌ಗಳ ಹರಿದಾಟ 70 ಶೇಕಡಾ ಇಳಿಯಿತು ಅನ್ನುವುದು ಕಂಪನಿಯ ಹೇಳಿಕೆ. ಇಲ್ಲಿ ಯಾರ ಮಾತನ್ನೂ ಯಾರೂ ಓದಲಿಲ್ಲ, ಯಾರ ಬಾಯಿಯನ್ನೂ ಮುಚ್ಚಲಿಲ್ಲ. ಓಟಕ್ಕೆ ಒಂದು ಹಂಪ್ ಹಾಕಿದರು, ಅಷ್ಟೇ.

ಮಾತು ತೆಗೆಸುವವರು ಸರ್ಕಾರ ಮಾತ್ರ ಅಲ್ಲ. ಸಿವಿಲ್ ಕೋರ್ಟಿನಿಂದಲೂ ತೆಗೆಸಬಹುದು. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣ ಕಾವೇರಿದ್ದಾಗ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಒಂದು ಮಾನಹಾನಿ ದಾವೆ ಬಂತು. ಎದುರು ಪಕ್ಷದವರನ್ನು ಕೇಳುವ ಮೊದಲೇ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ತೆಗೆಯಬೇಕಾದ ಲಿಂಕ್‌ಗಳ ಸಂಖ್ಯೆ 8,842. ಅದರಲ್ಲಿ ಯೂಟ್ಯೂಬ್ ವಿಡಿಯೊಗಳೇ 4,140. ಮೂರುನೂರಕ್ಕೂ ಹೆಚ್ಚು ಜನ, ಸಂಸ್ಥೆಗಳು ಪ್ರತಿವಾದಿಗಳು. ಆ ಪ್ರಕರಣದ ಆರೋಪಗಳ ಸತ್ಯಾಸತ್ಯ ಬೇರೆ ವಿಷಯ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಸುಳ್ಳು ಆರೋಪದಿಂದ ಮಾನ ಹೋದವರಿಗೆ ಕೋರ್ಟು ಬೇಕು, ಅದರಲ್ಲೂ ಎರಡು ಮಾತಿಲ್ಲ. ಆದರೆ 8,842 ಲಿಂಕ್‌ಗಳನ್ನು ಒಂದೊಂದಾಗಿ ನೋಡಿ, ಇದು ಮಾನಹಾನಿ, ಇದು ಬರೀ ಸುದ್ದಿ ಅಂತ ಬೇರೆ ಮಾಡಲು ಎಷ್ಟು ದಿನ ಬೇಕು? ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಆ ಚಾನೆಲ್‌ನ ಮಟ್ಟಿಗೆ ತಡೆಯಾಜ್ಞೆ ರದ್ದಾಯಿತು. ರದ್ದು ಮಾಡಿದವರು ಅದೇ ನ್ಯಾಯಮೂರ್ತಿ ನಾಗಪ್ರಸನ್ನ. ಎರಡು ತಿಂಗಳೊಳಗೆ ಒಬ್ಬರೇ ನ್ಯಾಯಮೂರ್ತಿಯಿಂದ ಬಂದ ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೋರ್ಟಿನ ತಡೆಯಾಜ್ಞೆ ಕಾಗದದಲ್ಲಿತ್ತು, ಯಾರು ಕೇಳಿದರು, ಯಾಕೆ ಕೊಟ್ಟರು ಅಂತ ಅದರಲ್ಲಿತ್ತು. ಅದಕ್ಕೇ ಚಾನೆಲ್‌ನವರು ಅದನ್ನು ಹಿಡಿದುಕೊಂಡು ಮೇಲಿನ ಕೋರ್ಟಿಗೆ ಹೋಗಲು ಆಯಿತು.

ಇದು ಒಂದು ಪಕ್ಷದ ಚಾಳಿ ಅಂತ ತಿಳಿಯಬೇಡಿ. ದೆಹಲಿಯಲ್ಲಿ ಬಿಜೆಪಿ ಸರ್ಕಾರ. ಇಲ್ಲಿ ಕಾಂಗ್ರೆಸ್ ಸರ್ಕಾರ ಇದ್ದಾಗಲೇ 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಂತು. ಏಳು ವರ್ಷದವರೆಗೆ ಜೈಲು, ಸುಳ್ಳು ಯಾವುದು ಅಂತ ತೀರ್ಮಾನಿಸುವ ಪ್ರಾಧಿಕಾರಕ್ಕೆ ಮಂತ್ರಿಯೇ ಮುಖ್ಯಸ್ಥರು. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣದ ಮಸೂದೆ ಅಂಗೀಕಾರ ಆಯಿತು. ಅದರಲ್ಲೂ ಪೋಸ್ಟ್ ತೆಗೆಸುವ ಅಧಿಕಾರ ಇದೆ. ಇದೇ ಅಧಿಕಾರ ಚುನಾವಣೆ ಆದ ಮೇಲೆ ಎದುರಾಳಿಯ ಕೈಗೆ ಹೋಗುತ್ತದೆ ಅನ್ನುವುದನ್ನು ಎರಡೂ ಕಡೆಯವರು ಯಾಕೆ ಯೋಚಿಸುವುದಿಲ್ಲವೋ.

ಇನ್ನು ಖಾಸಗಿತನದ ಮಾತು. ನಮ್ಮ ಪತ್ರಿಕೆಗಳಲ್ಲಿ 'ಗೋಪ್ಯತೆ' ಮತ್ತು 'ಖಾಸಗಿತನ' ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಬೇರೆ ಬೇರೆ ಮಾಡಿಕೊಂಡರೆ ಒಳ್ಳೆಯದು. ನನ್ನ ಮನೆಯೊಳಗಿನ ಮಾತು ನನ್ನದು, ಅದು ಖಾಸಗಿತನ. ಸರ್ಕಾರ ತನ್ನ ಆದೇಶವನ್ನು ಬಚ್ಚಿಡುವುದು ಗೋಪ್ಯತೆ. ಈಗ ನಡೆಯುತ್ತಿರುವುದು ತಿರುವುಮುರುವು. ಸರ್ಕಾರದ ಆದೇಶ ಯಾರೂ ನೋಡುವಂತಿಲ್ಲ. ನನ್ನ ಮೆಸೇಜ್ ಮೊದಲು ಯಾರಿಂದ ಹೊರಟಿತು ಅಂತ ಮಾತ್ರ ಹೇಳಬೇಕು. 2021ರ ಐಟಿ ನಿಯಮಗಳಲ್ಲಿ ಹಾಗೆ ಒಂದು ಷರತ್ತಿದೆ. ಆದೇಶ ಬಂದರೆ ಮೆಸೇಜಿನ ಮೂಲ ಕಳುಹಿಸಿದವರನ್ನು ದೊಡ್ಡ ಕಂಪನಿಗಳು ಗುರುತಿಸಿಕೊಡಬೇಕು. ಅದಕ್ಕೆ ಎಲ್ಲರ ಮೆಸೇಜಿನ ಜಾಡು ಇಟ್ಟುಕೊಳ್ಳಬೇಕಾಗುತ್ತದೆ, ಮೆಸೇಜನ್ನು ಬೇರೆ ಯಾರೂ ಓದದ ಹಾಗೆ ಕಾಯುವ ಗೂಢಲಿಪಿ ಮುರಿಯಬೇಕಾಗುತ್ತದೆ ಅಂತ ವಾಟ್ಸ್ಯಾಪ್ ದೆಹಲಿ ಹೈಕೋರ್ಟಿಗೆ ಹೋಗಿದೆ.

ನಮ್ಮಲ್ಲಿ 'ಮೂಗರ್ಜಿ' ಅನ್ನುವ ಹಳೆಯ ಪದ ಇದೆ. ಸಹಿ ಇಲ್ಲದ ಅರ್ಜಿ. ಅದರಲ್ಲಿ ಹೊಟ್ಟೆಕಿಚ್ಚಿನದ್ದು ಎಷ್ಟೋ ಇರುತ್ತಿತ್ತು, ನಿಜ. ಆದರೆ ಮೇಲಿನವರ ಕಳ್ಳತನ ಕಂಡ ಗುಮಾಸ್ತರಿಗೆ, ಜಮೀನ್ದಾರರಿಗೆ ಹೆದರುವ ಆಳಿಗೆ ಬೇರೆ ದಾರಿ ಏನಿತ್ತು? ಹೆಸರು ಹೇಳದೆ ಮಾತಾಡುವ ಜಾಗ ಇಲ್ಲವಾದರೆ, ಹೆಸರು ಹೇಳಿಕೊಂಡು ಮಾತಾಡುವ ತಾಕತ್ತು ಇರುವವರ ಮಾತು ಮಾತ್ರ ಉಳಿಯುತ್ತದೆ.

ಖಾಸಗಿತನದ ಹೆಸರಿನಲ್ಲೇ ಇನ್ನೊಂದು ಆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬದಲಿಸಿತು. 2025ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಮೊದಲು ವೈಯಕ್ತಿಕ ಮಾಹಿತಿ ಆದರೂ ಸಾರ್ವಜನಿಕ ಹಿತಕ್ಕೆ ಬೇಕಾದದ್ದಾದರೆ ಕೊಡಬೇಕು ಅಂತ ಆ ಕಲಮಿನಲ್ಲೇ ಇತ್ತು. ಈಗ 'ವೈಯಕ್ತಿಕ ಮಾಹಿತಿ' ಅಂದರೆ ಸಾಕು, ಕೊಡಬೇಕಿಲ್ಲ. ಸಾರ್ವಜನಿಕ ಹಿತ ನೋಡಿ ಕೊಡಬಹುದು ಅನ್ನುವ 8(2) ಉಳಿದಿದೆ, ಆದರೆ ಅದು ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದು. ನಮ್ಮ ಹಾವೇರಿ ಹುಡುಗ ರೀಲ್ ಬಿಟ್ಟು, ನೆಟ್ಟಗೆ ಹತ್ತು ರೂಪಾಯಿ ಕಟ್ಟಿ, ಆ ರಸ್ತೆಯ ಬಿಲ್ ಯಾರಿಗೆ ಹೋಯಿತು ಅಂತ ಕೇಳಿದರೂ ಈಗ ಬಾಗಿಲು ಹಾಕುವುದು ಮೊದಲಿಗಿಂತ ಸುಲಭ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಪೋಸ್ಟ್ ತೆಗೆಸಿದರೆ ಬರೆದವರಿಗೆ ಆದೇಶದ ಪ್ರತಿ ಹೋಗಬೇಕು. ಮೊದಲೇ ಕೊಡಲು ಆಗದಷ್ಟು ತುರ್ತಿದ್ದರೆ ಎರಡು ದಿನ ಬಿಟ್ಟು ಕೊಡಲಿ. 2009ರ ನಿಯಮದ ಆ 'ಅಥವಾ' ಹೋಗಿ 'ಮತ್ತು' ಬರಲಿ. ಭಯೋತ್ಪಾದನೆ, ಮಕ್ಕಳ ಮೇಲಿನ ದೌರ್ಜನ್ಯದ ಲಿಂಕ್‌ಗಳನ್ನು ಬಿಟ್ಟು ಉಳಿದ ಆದೇಶಗಳು ಎಲ್ಲರಿಗೂ ಓದಲು ಸಿಗಲಿ. ಅಲ್ಲಿಯವರೆಗೆ ನಿಮ್ಮ ಪೋಸ್ಟ್ ಏನಾದರೂ ಹೋದರೆ ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ, ಕಂಪನಿಯಿಂದ ಬಂದ ಇಮೇಲ್ ಇಷ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಯಾವ ಇಲಾಖೆ, ಯಾವ ಸೆಕ್ಷನ್ ಅಂತ ಕಂಪನಿಗೆ ಬರೆದು ಕೇಳಿ. ಡೌರಿ ಕ್ಯಾಲ್ಕುಲೇಟರ್ ಪ್ರಕರಣದ ದೆಹಲಿ ಹೈಕೋರ್ಟಿನ ಆದೇಶ ಇದೆ, ಅದನ್ನು ವಕೀಲರಿಗೆ ತೋರಿಸಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ತೀರ್ಪು ದೇಶಕ್ಕೆಲ್ಲ ಗೊತ್ತಿರುವುದು ಒಬ್ಬ ಕನ್ನಡಿಗರ ಹೆಸರಿನಲ್ಲಿ, ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದ ಮಾಡಿತ್ತು. 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಒಬ್ಬರೇ ಮನುಷ್ಯ, ಅಷ್ಟು ವಯಸ್ಸಿನಲ್ಲಿ, ಇಡೀ ಸರ್ಕಾರವನ್ನು ಕೋರ್ಟಿಗೆ ಕರೆಸಿ ಕೇಳಿದರು. ಅವರ ಮುಂದೆ ಆಧಾರ್ ಯೋಜನೆಯ ಕಾಗದ ಇತ್ತು. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಏನಂತ ಮಾಡಿದ್ದು ಎಲ್ಲ ಬಹಿರಂಗವಾಗಿ ಇತ್ತು. ಹಾವೇರಿಯ ಹುಡುಗನ ಮೊಬೈಲಿನಲ್ಲಿ ಇರುವುದು ಒಂದು ಬೂದು ಬಣ್ಣದ ಚೌಕ, ಅದರಲ್ಲಿ ಒಂದು ಸಾಲು.